ಬೊಲೋನ್ಯದಲ್ಲಿ ರೂಮು, ದಿನಕ್ಕೊಂದು ಶತಮಾನ

ರೋಮ್, ಫ್ಲಾರೆನ್ಸ್, ವೆನಿಸ್. ನಮ್ಮ ಕಡೆಯಿಂದ ಇಟಲಿಗೆ ಹೊರಟವರ ಪಟ್ಟಿ ಹೆಚ್ಚುಕಮ್ಮಿ ಇಷ್ಟೇ. ಮೂರೂ ನೋಡಲೇಬೇಕಾದ ಊರುಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಎರಡು ಸಾವಿರ ವರ್ಷ ಒಂದರ ಮೇಲೊಂದು ಪೇರಿಕೊಂಡು ಕೂತಿದೆ. ಯಾವುದರ ನಂತರ ಯಾವುದು ಬಂತು ಎಂಬುದು ಹೊಸಬರಿಗೆ ಅಂದಾಜಾಗುವಷ್ಟರಲ್ಲಿ ಬಸ್ಸು ಹತ್ತುವ ಹೊತ್ತಾಗಿರುತ್ತದೆ. ನಾನು ಹಿಡಿಯುವ ದಾರಿ ಬೇರೆ. ಉತ್ತರ ಇಟಲಿಯ ಬೊಲೋನ್ಯದಲ್ಲಿ ರೂಮು ಮಾಡಿ, ಸುತ್ತಲಿನ ನಾಲ್ಕು ಊರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವುದು. ಊರುಗಳನ್ನು ದೂರ ನೋಡಿ ಜೋಡಿಸುವುದಿಲ್ಲ, ಶತಮಾನ ನೋಡಿ ಜೋಡಿಸುತ್ತೇನೆ: ಮೊದಲು 5–6ನೇ ಶತಮಾನದ ರವೆನ್ನ, ಆಮೇಲೆ 12ನೆಯದಕ್ಕೆ ಮೊದೆನ, ನಡುಗಾಲಕ್ಕೆ (ಮಧ್ಯಯುಗಕ್ಕೆ) ಬೊಲೋನ್ಯ, 15ಕ್ಕೆ ಫೆರ್ರಾರ, ಕೊನೆಗೆ 16ಕ್ಕೆ ಪಾರ್ಮ. ಈ ಊರುಗಳಲ್ಲಿ ಒಂದೊಂದಕ್ಕೂ ಒಂದು ಏರುಗಾಲ ಇತ್ತು. ಅದು ಮುಗಿದ ಮೇಲೆ ಹೊಸದಾಗಿ ಕೆಡವಿ ಕಟ್ಟುವ ಹಣವಾಗಲಿ ಹುರುಪಾಗಲಿ ಕೆಲವಕ್ಕೆ ಉಳಿಯಲಿಲ್ಲ. ಹಾಗಾಗಿ ಆ ಕಾಲ ಕಲಬೆರಕೆಯಾಗದೆ ಉಳಿದಿದೆ.

ಇದು ಸಾಧ್ಯವಾಗುವುದಕ್ಕೆ ಒಂದು ರಸ್ತೆ ಕಾರಣ. ಕ್ರಿ.ಪೂ. 187ರಲ್ಲಿ ರೋಮಿನ ಕಾನ್ಸುಲ್ ಮಾರ್ಕುಸ್ ಎಮಿಲಿಯುಸ್ ಲೆಪಿದುಸ್ ಕಡಲ ದಂಡೆಯ ರಿಮಿನಿಯಿಂದ ಪೊ ನದಿಯ ದಡದ ಪಿಯಾಚೆನ್ಸದವರೆಗೆ ದಾರಿ ಹಾಕಿಸಿದ. ಒಂದು ಕಡೆ ಅಪೆನ್ನೈನ್ ಗುಡ್ಡಸಾಲು, ಇನ್ನೊಂದು ಕಡೆ ಪೊ ಬಯಲು. ಎರಡರ ಅಂಚಿನಲ್ಲೇ ನೇರಕ್ಕೆ ಹೋಗುವ ರಸ್ತೆ ಅದು. ಬೊಲೋನ್ಯ, ಮೊದೆನ, ಪಾರ್ಮ ಮೂರೂ ಅದರ ಮೇಲೇ ಇವೆ, ಇಂದಿನ ರೈಲು ಹಳಿಯೂ ಅದರ ಪಕ್ಕದಲ್ಲೇ ಸಾಗುತ್ತದೆ. ಆ ರಸ್ತೆಯ ಹೆಸರೇ ಪ್ರಾಂತ್ಯದ ಹೆಸರಾಗಿದೆ: ಎಮಿಲಿಯ. ರವೆನ್ನ, ಫೆರ್ರಾರಗಳಿಗೆ ಮಾತ್ರ ಬೊಲೋನ್ಯದಿಂದ ಕವಲು ದಾರಿ ಹಿಡಿಯಬೇಕು.

ಒಂದೇ ಊರಲ್ಲಿ ತಂಗುವುದು ವೀಸಾ ಕಾಗದಪತ್ರಕ್ಕೂ ಅನುಕೂಲ. ಷೆಂಗೆನ್ ಅರ್ಜಿಗೆ ಒಂದೇ ಹೋಟೆಲ್ ಬುಕಿಂಗ್, ದಿನಾಂಕದಲ್ಲಿ ಎಲ್ಲೂ ತೂತು ಬೀಳುವುದಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವಂತಿರಬೇಕು. ವಾಪಸಾದ ಮೇಲೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ದಿನ ಗೊತ್ತುಮಾಡುವ ಮೊದಲು ಬೊಲೋನ್ಯದ ವ್ಯಾಪಾರ ಮೇಳಗಳ ಪಟ್ಟಿ ನೋಡಿಕೊಳ್ಳಿ. ಮಾರ್ಚ್ ಆಸುಪಾಸಿನ ಸೌಂದರ್ಯವರ್ಧಕ ಮೇಳ, ವಸಂತದ ಮಕ್ಕಳ ಪುಸ್ತಕ ಮೇಳ, ಸೆಪ್ಟೆಂಬರ್ ಕೊನೆಯ ಟೈಲ್ಸ್ ಮೇಳ ನಡೆಯುವಾಗ ರೂಮಿನ ಬಾಡಿಗೆ ಎಲ್ಲೋ ಹೋಗಿ ನಿಂತಿರುತ್ತದೆ. ಹವೆಗೆ ಏಪ್ರಿಲ್–ಮೇ ಮತ್ತು ಅಕ್ಟೋಬರ್ ವಾಸಿ. ಜುಲೈ–ಆಗಸ್ಟಿನಲ್ಲಿ ಪೊ ಬಯಲು ಬೇಯುತ್ತದೆ, ಆಗಸ್ಟ್ 15ರ ಆಚೀಚೆ ಅರ್ಧ ಅಂಗಡಿಗಳಿಗೆ ಬೀಗ. ನವೆಂಬರಿನಿಂದ ಜನವರಿಯವರೆಗೆ ಮಂಜು. ಗೋಪುರದ ತುದಿ ಕಾಣದಷ್ಟು.

ರೈಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಹೊಸಬರು ದಂಡ ಕಟ್ಟುವುದು ಇಲ್ಲೇ. ಬೇಕಾಗಿರುವುದು ‘ರೆಜೊನಾಲೆ’ ಎಂಬ ಪ್ರಾಂತೀಯ ರೈಲು. ಸೀಟ್ ನಂಬರ್ ಇಲ್ಲ, ಮೊದಲೇ ಕೊಂಡರೆ ಅಗ್ಗ ಎಂಬುದೂ ಇಲ್ಲ. ಹೊರಡುವ ಮುಂಚೆ ಕೊಂಡರೆ ಸಾಕು. ಕಾಗದದ ಟಿಕೆಟ್ ತೆಗೆದುಕೊಂಡರೆ ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರಕ್ಕೆ ತೂರಿಸಿ ದಿನಾಂಕ, ಗಂಟೆ ಅಚ್ಚೊತ್ತಿಸಬೇಕು. ಅಲ್ಲಿಂದ ನಾಲ್ಕು ಗಂಟೆ ಅದಕ್ಕೆ ಜೀವ. ಅಚ್ಚಿಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ತಪ್ಪುವುದಿಲ್ಲ, ಯಾಕೆಂದರೆ ಅದನ್ನು ಮತ್ತೊಮ್ಮೆ ಬಳಸಬಹುದಲ್ಲ ಎನ್ನುವುದು ಅವರ ತರ್ಕ. ಮೊಬೈಲಿನಲ್ಲಿ ಕೊಂಡರೆ ಹತ್ತುವ ಮೊದಲು ಅದರಲ್ಲೇ ‘ಚೆಕ್‌-ಇನ್’ ಒತ್ತಬೇಕು. ಎಷ್ಟೋ ಜನ ಇದನ್ನು ಮರೆಯುತ್ತಾರೆ. ರವೆನ್ನಕ್ಕೆ ಒಂದರಿಂದ ಒಂದೂವರೆ ಗಂಟೆ, ಮೊದೆನಕ್ಕೆ ಅರ್ಧ ಗಂಟೆಯೊಳಗೆ, ಫೆರ್ರಾರಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ, ಪಾರ್ಮಕ್ಕೆ ಸುಮಾರು ಒಂದು ಗಂಟೆ.

ಬೊಲೋನ್ಯ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ನಂಬರನ್ನು ಪೂರ್ತಿ ಓದಿ. ‘3’ ಬೇರೆ, ‘3 ಓವೆಸ್ತ್’ ಬೇರೆ. ‘ಓವೆಸ್ತ್’ ಪಶ್ಚಿಮದ ತುದಿ, ‘ಎಸ್ತ್’ ಪೂರ್ವದ ತುದಿ. ಅತಿವೇಗದ ರೈಲುಗಳು 16ರಿಂದ 19ರವರೆಗಿನ ನೆಲದಡಿಯ ಪ್ಲಾಟ್‌ಫಾರ್ಮುಗಳಿಗೆ ಬರುತ್ತವೆ, ಮೇಲಿನಿಂದ ಅಲ್ಲಿಗೆ ಇಳಿಯಲು ಹತ್ತು ನಿಮಿಷ ಇಟ್ಟುಕೊಳ್ಳಿ. ‘ಶೋಪೆರೊ’ ಎಂದು ಕಂಡರೆ ಮುಷ್ಕರ. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾಂತೀಯ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಮುಷ್ಕರದ ದಿನ ಈ ಎರಡು ಹೊತ್ತಿಗೆ ಹೊಂದಿಸಿಕೊಂಡರೆ ದಿನ ಹಾಳಾಗದು. ಸ್ಟೇಷನ್ನಿನ ಹೊರಗೋಡೆಯ ಒಂದು ಗಡಿಯಾರ 10:25ಕ್ಕೆ ನಿಂತಿದೆ. 1980ರ ಆಗಸ್ಟ್ 2ರಂದು ಆ ಹೊತ್ತಿಗೆ ಇಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಕಾಯುವ ಕೋಣೆಯಲ್ಲಿ ಗೋಡೆಯ ಸೀಳನ್ನು ಹಾಗೇ ಬಿಟ್ಟಿದ್ದಾರೆ, ಪಕ್ಕದಲ್ಲಿ ಸತ್ತವರ ಹೆಸರುಗಳಿವೆ. ರೈಲು ಹತ್ತುವ ಮೊದಲು ಒಮ್ಮೆ ಅಲ್ಲಿ ನಿಲ್ಲಬೇಕು.

ಮೊದಲ ದಿನ ರವೆನ್ನಕ್ಕೆ. 402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿ ಇಲ್ಲಿಗೆ ಬಂತು, ಸುತ್ತ ಜೌಗು ನೆಲ ಇದ್ದುದರಿಂದ ಶತ್ರುಗಳಿಗೆ ನುಗ್ಗುವುದು ಕಷ್ಟವಿತ್ತು. ಆಮೇಲೆ ಗಾಥ್ ದೊರೆ ಥಿಯೊಡೊರಿಕ್, 540ರಿಂದ ಕಾನ್‌ಸ್ಟಾಂಟಿನೋಪಲ್ಲಿನ ಬೈಜಾಂಟಿಯನ್ನರು, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದವರು. ಈ ಮೂರು ಕೈ ಬದಲಾವಣೆಯನ್ನೂ ಗೋಡೆಗಳ ಮೇಲೆ ಓದಬಹುದು, ಅದಕ್ಕೇ ಯಾತ್ರೆಯನ್ನು ಇಲ್ಲಿಂದ ಶುರುಮಾಡುವುದು.

ಟಿಕೆಟ್ ಎರಡು ಬಗೆ. ಸಾನ್ ವಿತಾಲೆ, ಗಾಲ್ಲಾ ಪ್ಲಾಚೀದಿಯ ಸಮಾಧಿ, ಸಾಂತ್ ಅಪೊಲ್ಲಿನಾರೆ ನುವೊವೊ, ನಿಯೋನಿಯನ್ ದೀಕ್ಷಾಸ್ನಾನ ಮಂದಿರ, ಆರ್ಚ್‌ಬಿಷಪ್ಪರ ಪ್ರಾರ್ಥನಾ ಮಂದಿರ – ಇವು ಚರ್ಚಿನವು, ಒಂದೇ ಕೂಡು ಟಿಕೆಟ್. ಥಿಯೊಡೊರಿಕ್ ಸಮಾಧಿ, ಏರಿಯನ್ ಪಂಥದ (ಕ್ರಿಸ್ತ ತಂದೆ ದೇವರಿಗೆ ಸಮನಲ್ಲ ಎನ್ನುತ್ತಿದ್ದ ಕ್ರೈಸ್ತ ಪಂಥ) ದೀಕ್ಷಾಸ್ನಾನ ಮಂದಿರ, ಊರಾಚೆಯ ಕ್ಲಾಸ್ಸೆಯ ಬಸಿಲಿಕಾ ಸರಕಾರದವು, ಅವಕ್ಕೆ ಬೇರೆ ಟಿಕೆಟ್. ಗಾಲ್ಲಾ ಪ್ಲಾಚೀದಿಯಕ್ಕೂ ನಿಯೋನಿಯನ್‌ಗೂ ಮೊದಲೇ ಗಂಟೆ ಗೊತ್ತುಮಾಡಿಕೊಳ್ಳಬೇಕು. ಒಳಗೆ ಐದೇ ನಿಮಿಷ ಬಿಡುತ್ತಾರೆ. ಜನರ ಉಸಿರಿನ ತೇವ ಹೆಚ್ಚಿದರೆ ಗೋಡೆಯ ಮೊಸಾಯಿಕ್ (ಬಣ್ಣದ ಹರಳು ಕೂರಿಸಿ ಮಾಡಿದ ಚಿತ್ರ) ಹಿಡಿದಿರುವ ಗಾರೆಗೆ ಕುತ್ತು.

ಆ ಐದು ನಿಮಿಷವನ್ನು ಹೀಗೆ ಬಳಸಬೇಕು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಕತ್ತಲೆ. ಮೊದಲ ನಿಮಿಷ ಕಣ್ಣು ಹೊಂದಿಕೊಳ್ಳುವುದಕ್ಕೇ ಹೋಗುತ್ತದೆ. ಮೊಬೈಲ್ ಹೊರಗೆ ತೆಗೆದರೆ ಅದರ ಬೆಳಕಿಗೆ ಕಣ್ಣು ಮತ್ತೆ ಕಟ್ಟುತ್ತದೆ. ಅಮೃತಶಿಲೆಯಂಥ ತೆಳು ಕಲ್ಲಿನ ಹಲಗೆಗಳನ್ನೇ ಕಿಟಕಿಗೆ ಕೂರಿಸಿದ್ದಾರೆ, ಅವುಗಳ ಮೂಲಕ ಜೇನುಬಣ್ಣದ ಬೆಳಕು ಸೋಸಿ ಬರುತ್ತದೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಕಡುನೀಲಿಯಲ್ಲಿ ಚಿನ್ನದ ನಕ್ಷತ್ರಗಳು, ನಡುವೆ ಶಿಲುಬೆ. ಆಗ ಬಾಗಿಲ ಕಡೆಗೆ ತಿರುಗಿ ಮೇಲೆ ನೋಡಿ: ಗಡ್ಡವಿಲ್ಲದ ಎಳೆಯ ಕ್ರಿಸ್ತ ಕುರಿಗಳ ನಡುವೆ ಕೂತಿದ್ದಾನೆ. ರೋಮನ್ ಚಿತ್ರಕಲೆಯ ಕೊನೆಯ ದಿನಗಳು ಅವು. ಬಂಡೆಗೆ ನೆರಳಿದೆ, ಕುರಿಗಳ ಮೈಗೆ ಉಬ್ಬಿದೆ. ಈ ಕಟ್ಟಡದ ಸುತ್ತ ನೆಲ ಏರಿ ಏರಿ ಸುಮಾರು ಒಂದೂವರೆ ಮೀಟರ್ ಹೂತುಹೋಗಿದೆ, ಹೊರಗಿನಿಂದ ಕುಳ್ಳಾಗಿ ಕಾಣುವುದು ಅದರಿಂದಲೇ.

ಅದೇ ಆವರಣದ ಸಾನ್ ವಿತಾಲೆಗೆ ಹೋದರೆ ಕಾಲ ಒಂದು ನೂರು ವರ್ಷ ಮುಂದೆ ಬಂದಿರುತ್ತದೆ. 547ರಲ್ಲಿ ಬಿಷಪ್ ಮಾಕ್ಸಿಮಿಯಾನುಸ್ ಪ್ರತಿಷ್ಠೆ ಮಾಡಿದ ಎಂಟು ಮೂಲೆಯ ಗುಡಿ. ಜೂಲಿಯಾನುಸ್ ಅರ್ಜೆಂತಾರಿಯುಸ್ ಎಂಬ ಲೇವಾದೇವಿಗಾರ 26,000 ಚಿನ್ನದ ನಾಣ್ಯ ಕೊಟ್ಟು ಕಟ್ಟಿಸಿದ. ಗರ್ಭಗುಡಿಯ ಎಡಕ್ಕೆ ಚಕ್ರವರ್ತಿ ಜಸ್ಟಿನಿಯನ್, ಬಲಕ್ಕೆ ರಾಣಿ ಥಿಯೊಡೋರ. ಇಬ್ಬರೂ ರವೆನ್ನಕ್ಕೆ ಕಾಲಿಟ್ಟವರಲ್ಲ. ಇಲ್ಲಿ ನೆರಳಿಲ್ಲ, ಉಬ್ಬಿಲ್ಲ, ಪಾದಗಳು ನೆಲ ಮುಟ್ಟುವುದಿಲ್ಲ. ಅಧಿಕಾರ ಎದುರಿಗೆ ನಿಂತು ನೋಡುತ್ತದೆ. ಒಂದೇ ಅಂಗಳದೊಳಗೆ ರೋಮ್ ಮುಗಿದು ಬೈಜಾಂಟಿಯಂ ಶುರುವಾಗುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಂದು ಸಣ್ಣ ದುರ್ಬೀನು ಜೇಬಿನಲ್ಲಿರಲಿ. ಥಿಯೊಡೋರಳ ಸೆರಗಿನ ಅಂಚಿನಲ್ಲಿ ಶಿಶು ಯೇಸುವಿಗೆ ಕಾಣಿಕೆ ಹಿಡಿದ ಮೂವರು ಜ್ಞಾನಿಗಳ ಪುಟ್ಟ ಚಿತ್ರಗಳಿವೆ, ಬರಿಗಣ್ಣಿಗೆ ತಪ್ಪಿಹೋಗುತ್ತವೆ. ಚಿನ್ನದ ಹರಳುಗಳನ್ನೂ ನೋಡಿ. ಎರಡು ಗಾಜಿನ ಪದರದ ನಡುವೆ ಚಿನ್ನದ ರೇಕು ಇಟ್ಟು ಕಾಯಿಸಿ ಮಾಡಿದವು. ಅವನ್ನು ಸಪಾಟಾಗಿ ಕೂರಿಸಿಲ್ಲ, ಒಂದೊಂದನ್ನೂ ಒಂದೊಂದು ಓರೆಯಲ್ಲಿ ಒತ್ತಿದ್ದಾರೆ. ನೀವು ಎರಡು ಹೆಜ್ಜೆ ಸರಿದರೆ ಹೊಳಪು ಇನ್ನೊಂದು ಕಡೆಗೆ ಸರಿಯುತ್ತದೆ. ಫೋಟೊದಲ್ಲಿ ಇದು ಸಿಗುವುದಿಲ್ಲ.

ಸಾಂತ್ ಅಪೊಲ್ಲಿನಾರೆ ನುವೊವೊ ಥಿಯೊಡೊರಿಕ್ ಕಟ್ಟಿಸಿದ್ದು. ಅವನು ಏರಿಯನ್ ಪಂಥದವನು, ಬೈಜಾಂಟಿಯನ್ನರಿಗೆ ಅದು ಪಾಷಂಡ. ಒಳಹೊಕ್ಕು ತಿರುಗಿ ನಿಂತರೆ ಬಾಗಿಲ ಬಳಿಯ ಗೋಡೆಯಲ್ಲಿ ‘ಪಲಾತಿಯುಂ’ ಎಂದು ಬರೆದ ಅರಮನೆಯ ಚಿತ್ರ. ಕಮಾನುಗಳಲ್ಲಿ ನಿಂತಿದ್ದ ದೊರೆಯ ಪರಿವಾರವನ್ನು ಕಿತ್ತು ಆ ಜಾಗಕ್ಕೆ ಪರದೆಗಳನ್ನು ತುಂಬಿದ್ದಾರೆ. ಆದರೆ ಕಂಬಗಳ ಮೇಲೆ ಹರಡಿದ್ದ ಕೈಗಳು ಹಾಗೇ ಉಳಿದಿವೆ! ಒಂದೊಂದನ್ನೇ ದುರ್ಬೀನಿನಲ್ಲಿ ಹುಡುಕಿ. ಆಳ್ವಿಕೆ ಬದಲಾದಾಗ ಹಳೆಯವರನ್ನು ಅಳಿಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಸಾಕ್ಷಿ ಇಲ್ಲ.

ಮಧ್ಯಾಹ್ನ ಡಾಂಟೆಯ ಸಮಾಧಿ. ಫ್ಲಾರೆನ್ಸಿನಿಂದ ಗಡೀಪಾರಾದ ಕವಿ 1321ರಲ್ಲಿ ಇಲ್ಲೇ ತೀರಿಕೊಂಡ. ಫ್ಲಾರೆನ್ಸ್ ಎಷ್ಟು ಕೇಳಿದರೂ ರವೆನ್ನ ಅವನ ಅಸ್ಥಿ ಕೊಡಲಿಲ್ಲ. ಸನ್ಯಾಸಿಗಳು ಮುಚ್ಚಿಟ್ಟಿದ್ದ ಪೆಟ್ಟಿಗೆ 1865ರಲ್ಲಿ ಸಿಕ್ಕಿತು. ಸಮಾಧಿಯ ದೀಪಕ್ಕೆ ಇಂದಿಗೂ ಫ್ಲಾರೆನ್ಸ್ ವರ್ಷವರ್ಷ ಎಣ್ಣೆ ಕಳಿಸುತ್ತದೆ. ಪಕ್ಕದ ಸಾನ್ ಫ್ರಾಂಚೆಸ್ಕೊ ಚರ್ಚಿನ ನೆಲಮಾಳಿಗೆಯಲ್ಲಿ ಅಂತರ್ಜಲ ನಿಂತು, ನೀರಿನಡಿ ಹಳೆಯ ಮೊಸಾಯಿಕ್ ನೆಲ ಕಾಣುತ್ತದೆ, ಮೇಲೆ ಮೀನು ಓಡಾಡುತ್ತವೆ. ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ಇಟಲಿಯ ಚರ್ಚುಗಳಿಗೆ ಹೋಗುವಾಗ ಸಣ್ಣ ನಾಣ್ಯಗಳ ಚೀಲ ಕಡ್ಡಾಯ ಎಂದೇ ತಿಳಿಯಿರಿ. ಹೊತ್ತು ಉಳಿದರೆ ರಿಮಿನಿ ಕಡೆಯ ರೈಲಿನಲ್ಲಿ ಒಂದೇ ಸ್ಟೇಷನ್ ದೂರದ ಕ್ಲಾಸ್ಸೆ. ವಾಪಸ್ ರೈಲಿನ ಹೊತ್ತು ನೋಡಿಕೊಂಡೇ ಇಳಿಯಿರಿ, ರೈಲುಗಳು ವಿರಳ.

ಎರಡನೆಯ ದಿನ ಮೊದೆನ. ಆರುನೂರು ವರ್ಷ ಜಿಗಿದು 1099ಕ್ಕೆ. ಆ ವರ್ಷ ಲನ್‌ಫ್ರಾಂಕೊ ಎಂಬ ವಾಸ್ತುಶಿಲ್ಪಿ ಕ್ಯಾಥೆಡ್ರಲ್ ಶುರುಮಾಡಿದ, ವಿಲಿಜೆಲ್ಮೊ ಕೆತ್ತಿದ. ನಡುಗಾಲದ ಕುಶಲಕರ್ಮಿಗಳು ಹೆಸರಿಲ್ಲದವರು ಎಂಬ ಮಾತಿದೆ. ಇಲ್ಲಿ ಇಬ್ಬರ ಹೆಸರೂ ಗೋಡೆಯ ಕಲ್ಲಿನಲ್ಲಿದೆ. ಮುಂಬಾಗಿಲ ಎರಡೂ ಕಡೆ ಸೃಷ್ಟಿಯ ಕಥೆಯ ನಾಲ್ಕು ಹಲಗೆ. ಆದಾಮ, ಈವ ಇಬ್ಬರೂ ಗುದ್ದಲಿ ಹಿಡಿದು ಅಗೆಯುವ ದೃಶ್ಯದ ಮುಂದೆ ನಿಧಾನಿಸಿ. ದಪ್ಪ ಮೈ, ಭಾರದ ಹೆಜ್ಜೆ, ದಣಿವು ಕಲ್ಲಿನಲ್ಲಿ ಕಾಣುತ್ತದೆ. ರವೆನ್ನದಲ್ಲಿ ನೆಲ ಬಿಟ್ಟಿದ್ದ ಪಾದ ಇಲ್ಲಿ ಮತ್ತೆ ನೆಲಕ್ಕೆ ಊರಿದೆ. ನಿನ್ನೆ ರವೆನ್ನ ನೋಡದೆ ಇಲ್ಲಿಗೆ ಬಂದಿದ್ದರೆ ಇದು ಹೊಳೆಯುತ್ತಿರಲಿಲ್ಲ. ಇಡೀ ಮುಖಮಂಟಪ ಪಡುವಣಕ್ಕಿದೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಕೆತ್ತನೆ ಎದ್ದು ಬರುತ್ತದೆ. ಬೆಳಗ್ಗೆ ಆಲ್ಬಿನೆಲ್ಲಿ ಮಾರುಕಟ್ಟೆಗೆ ಹೋಗಿ, ಕೆತ್ತನೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಮೊದೆನದ ಬಾಲ್ಸಮಿಕ್ ವಿನೆಗರ್ ಕೊಳ್ಳುವವರು ಚೀಟಿ ಓದಬೇಕು. ‘ತ್ರಾದಿತ್ಸಿಯೊನಾಲೆ’ ಎಂದಿದ್ದರೆ ಬೇಯಿಸಿದ ದ್ರಾಕ್ಷಿರಸ ಮಾತ್ರ. ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿಟ್ಟ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ, ‘ಎಕ್ಸ್‌ಟ್ರಾವೆಕ್ಕಿಯೊ’ ಆದರೆ 25 ವರ್ಷ. ಯಾರು ಮಾಡಿದರೂ ಬಾಟಲಿ ಒಂದೇ ಆಕಾರದ್ದು, 100 ಮಿ.ಲೀ. ಬರಿಯ ‘ಐಜಿಪಿ’ ಎಂದಿದ್ದರೆ ವೈನ್ ವಿನೆಗರ್ ಬೆರೆಸಿದ್ದು, 60 ದಿನಕ್ಕೇ ತಯಾರು. ಅದೂ ಕೆಟ್ಟದ್ದಲ್ಲ, ಆದರೆ ಅದಕ್ಕೆ ಆ ಬೆಲೆ ಕೊಡಬಾರದು.

ಬೊಲೋನ್ಯವನ್ನು ಒಂದೇ ದಿನಕ್ಕೆ ಕಟ್ಟಬೇಡಿ, ಪ್ರತಿ ಸಂಜೆ ಸ್ವಲ್ಪ ಸ್ವಲ್ಪ ನೋಡಿ. 1088ರಿಂದ ಲೆಕ್ಕ ಹಾಕುವ ವಿಶ್ವವಿದ್ಯಾಲಯ. ವಿದ್ಯಾರ್ಥಿಗಳು ಬಂದು ತುಂಬಿದಾಗ ಮನೆಯವರು ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿ ಕೆಳಗೆ ಕಂಬ ಕೊಟ್ಟರು. 1288ರ ಕಟ್ಟಳೆ ಹೊಸ ಮನೆಗಳಿಗೆ ಈ ಕಂಬಸಾಲಿನ ಜಗಲಿಯನ್ನು ಕಡ್ಡಾಯ ಮಾಡಿತು: ಜಾಗ ಮನೆಯವರದು, ಓಡಾಟ ಊರಿನದು. ಸ್ತ್ರಾದಾ ಮಜ್ಜೊರೆಯಲ್ಲಿ 13ನೇ ಶತಮಾನದ ಮರದ ಕಂಬಗಳೇ ಇನ್ನೂ ನಿಂತಿವೆ. ಮಳೆಗೂ ಬಿಸಿಲಿಗೂ ಕೊಡೆ ಬೇಡದ ಊರು. ಸಾನ್ ಲೂಕಾ ಗುಡ್ಡದವರೆಗೆ ಸುಮಾರು 3.8 ಕಿ.ಮೀ., 666 ಕಮಾನುಗಳ ಸಾಲು. ಅರ್ಧ ಸಪಾಟು, ಉಳಿದರ್ಧ ಮಂಡಿಗೆ ಕೆಲಸ. ಅಸಿನೆಲ್ಲಿ ಗೋಪುರ ಹತ್ತುವ ಆಸೆ ಇಟ್ಟುಕೊಳ್ಳಬೇಡಿ. ಪಕ್ಕದ ವಾಲಿದ ಗರಿಸೆಂದ ಗೋಪುರದ ಬುಡ ದುರ್ಬಲವಾಗಿ 2023ರಿಂದ ಸುತ್ತ ಬೇಲಿ ಹಾಕಿದ್ದಾರೆ.

ತಪ್ಪಿಸಬಾರದ್ದು ಸಾನ್ ಪೆತ್ರೋನಿಯೊ ಚರ್ಚಿನ ನೆಲದ ಮೇಲಿನ ಮಧ್ಯಾಹ್ನರೇಖೆ. 1655ರಲ್ಲಿ ಖಗೋಳಜ್ಞ ಕಸ್ಸೀನಿ ಹಾಕಿದ್ದು, ಸುಮಾರು 67 ಮೀಟರ್ ಉದ್ದ. ಭೂಮಿಯ ಸುತ್ತಳತೆಯ ಆರು ಲಕ್ಷದಲ್ಲಿ ಒಂದು ಪಾಲು ಎಂಬ ಲೆಕ್ಕ. ಮೇಲೆ 27 ಮೀಟರ್ ಎತ್ತರದಲ್ಲಿ ಒಂದು ಸಣ್ಣ ರಂಧ್ರ. ಬೊಲೋನ್ಯದ ನಿಜವಾದ ನಡುಹಗಲು ಗಡಿಯಾರದ 12ಕ್ಕಲ್ಲ. ಚಳಿಗಾಲದ ಸಮಯದಲ್ಲಿ 12:15ರ ಆಸುಪಾಸು, ಬೇಸಗೆ ಸಮಯದಲ್ಲಿ 1:15ರ ಆಸುಪಾಸು, ತಿಂಗಳಿಗೆ ತಕ್ಕಂತೆ ಹಿಂದುಮುಂದು. ಇಪ್ಪತ್ತು ನಿಮಿಷ ಮುಂಚೆ ಹೋಗಿ. ಸೂರ್ಯನ ಮೊಟ್ಟೆಯಾಕಾರದ ಬಿಂಬ ನೆಲದ ಮೇಲೆ ತೆವಳುತ್ತ ಬಂದು ಎರಡು ನಿಮಿಷದಲ್ಲಿ ಲೋಹದ ಗೆರೆ ದಾಟುತ್ತದೆ. ಭೂಮಿ ತಿರುಗುವುದನ್ನು ಕಣ್ಣಾರೆ ಕಂಡಂತೆ. ಮೋಡ ಇದ್ದರೆ ಏನೂ ಇಲ್ಲ, ಇನ್ನೊಂದು ದಿನ ನೋಡಬೇಕು. ಚರ್ಚು ಮಧ್ಯಾಹ್ನ ಬಾಗಿಲು ಹಾಕುವ ಹೊತ್ತನ್ನೂ ಮೊದಲೇ ನೋಡಿಕೊಳ್ಳಿ. ನಮಗೆ ಈ ಊರಿನ ಇನ್ನೊಂದು ನಂಟೂ ಇದೆ: 16ನೇ ಶತಮಾನದ ಆರಂಭದಲ್ಲಿ ವಿಜಯನಗರ, ಭಟ್ಕಳಗಳನ್ನು ಕಂಡು ಬರೆದ ಲುದೊವಿಕೊ ದಿ ವರ್ತೆಮ ಬೊಲೋನ್ಯದವನು.

ಫೆರ್ರಾರಕ್ಕೆ ಇಡೀ ದಿನ ಕೊಡಿ. ಸ್ಟೇಷನ್ ಹತ್ತಿರ ಸೈಕಲ್ ಬಾಡಿಗೆಗೆ ಹಿಡಿದರೆ ಸುಮಾರು 9 ಕಿ.ಮೀ. ಕೋಟೆಗೋಡೆಯ ಮೇಲೆ ಮರಗಳ ನಡುವೆ ಸುತ್ತಬಹುದು. ಎಸ್ತೆ ಮನೆತನ ಆಳಿದ ಊರು. 1385ರಲ್ಲಿ ಶುರುವಾದ ಅವರ ಕೋಟೆಯ ಕಂದಕದಲ್ಲಿ ಇನ್ನೂ ನೀರಿದೆ. ನಾನು ಹೋಗುವುದು ಮುಖ್ಯವಾಗಿ ಸ್ಕಿಫನೋಯ ಅರಮನೆಯ ‘ತಿಂಗಳುಗಳ ಸಭಾಂಗಣ’ಕ್ಕೆ. ಸೋಮವಾರ ರಜೆ. 1470ರ ಹೊತ್ತಿಗೆ ಮುಗಿದ ಭಿತ್ತಿಚಿತ್ರಗಳು. ಹನ್ನೆರಡು ತಿಂಗಳಲ್ಲಿ ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಏಳು ಉಳಿದಿವೆ. ಹಸಿ ಗಾರೆಯ ಮೇಲೆ ಬರೆದವು ಉಳಿದವು, ಒಣ ಗೋಡೆಯ ಮೇಲೆ ಬರೆದವು ಉದುರಿದವು. ಒಂದೊಂದು ತಿಂಗಳಿಗೂ ಮೂರು ಪಟ್ಟಿ: ಮೇಲೆ ರಥವೇರಿದ ದೇವತೆ, ಕೆಳಗೆ ಡ್ಯೂಕ್ ಬೊರ್ಸೊನ ದಿನಚರಿ, ನಡುವೆ ನೀಲಿ ಹಿನ್ನೆಲೆಯಲ್ಲಿ ರಾಶಿ ಮತ್ತು ಮೂರು ಆಕೃತಿ.

ಆ ನಡುಪಟ್ಟಿಯ ಮೂರು ಆಕೃತಿಗಳು ದ್ರೇಕ್ಕಾಣಗಳು. ರಾಶಿಯ 30 ಅಂಶವನ್ನು ಹತ್ತು ಹತ್ತರಂತೆ ಮೂರು ಮಾಡಿದ ಭಾಗಗಳು. ಮಾರ್ಚ್ ತಿಂಗಳ ಮೇಷದ ಮೊದಲ ಆಕೃತಿಯನ್ನು ಹತ್ತಿರದಿಂದ ನೋಡಿ: ಕಪ್ಪು ಮೈಯ ಗಂಡಸು, ಹರಿದ ಬಿಳಿ ಬಟ್ಟೆ, ಸೊಂಟಕ್ಕೆ ಹಗ್ಗ, ಸಿಟ್ಟಿನ ಕಣ್ಣು. ವರಾಹಮಿಹಿರನ ಬೃಹಜ್ಜಾತಕದಲ್ಲಿ ಮೇಷದ ಮೊದಲ ದ್ರೇಕ್ಕಾಣ ಸೊಂಟಕ್ಕೆ ಬಿಳಿ ವಸ್ತ್ರ ಸುತ್ತಿದ, ಕೆಂಗಣ್ಣಿನ, ಕೊಡಲಿ ಎತ್ತಿದ ಕರಿಯ ಪುರುಷ. ಎರಡನೆಯದು ಗೋಡೆಯಲ್ಲೂ ಗ್ರಂಥದಲ್ಲೂ ಕೆಂಪುಡುಗೆಯ ಹೆಣ್ಣು. ಭಾರತದ ಈ ವಿವರಣೆ ಬಾಗ್ದಾದಿನ ಜ್ಯೋತಿಷಿ ಅಬೂ ಮಅಷರ್ ಬರಹದ ಮೂಲಕ ಲ್ಯಾಟಿನ್ನಿಗೆ ಇಳಿದು ಫೆರ್ರಾರದ ಗೋಡೆ ಸೇರಿತು ಎಂದು ಕಲಾ ಇತಿಹಾಸಕಾರ ಆಬಿ ವಾರ್ಬುರ್ಗ್ 1912ರಲ್ಲಿ ರೋಮ್‌ನಲ್ಲಿ ತೋರಿಸಿಕೊಟ್ಟ. ರವೆನ್ನದ ಸಾನ್ ವಿತಾಲೆ ಎದ್ದ 6ನೇ ಶತಮಾನದಲ್ಲೇ ಉಜ್ಜಯಿನಿಯ ಕಡೆ ಬರೆದದ್ದು, ಒಂಬತ್ತು ನೂರು ವರ್ಷ ತಿರುಗಿ ಇಲ್ಲಿಗೆ ಬಂದಿದೆ. ಈ ಗೋಡೆ ಬರೆದ ಫ್ರಾಂಚೆಸ್ಕೊ ದೆಲ್ ಕೊಸ್ಸ 1470ರ ಮಾರ್ಚಿನಲ್ಲಿ ಡ್ಯೂಕನಿಗೆ ಪತ್ರ ಬರೆದು, ನನಗೂ ಸಾಧಾರಣ ಕೆಲಸಗಾರರಿಗೂ ಚಿತ್ರದ ಅಡಿಯೊಂದಕ್ಕೆ ಒಂದೇ ಕೂಲಿ ಕೊಡುತ್ತೀರಲ್ಲ ಎಂದು ಅಳಲಿದ. ಕೂಲಿ ಹೆಚ್ಚಲಿಲ್ಲ, ಬೊಲೋನ್ಯಕ್ಕೆ ಹೊರಟುಹೋದ. ಅವನ ಮುಂದಿನ ಚಿತ್ರಗಳನ್ನು ಬೊಲೋನ್ಯದ ಪಿನಕೊತೇಕ ಚಿತ್ರಶಾಲೆಯಲ್ಲಿ ನೋಡಬಹುದು. 1598ರಲ್ಲಿ ಪೋಪ್ ಫೆರ್ರಾರವನ್ನು ಕಸಿದುಕೊಂಡಾಗ ಎಸ್ತೆ ಮನೆತನ ಮೊದೆನಕ್ಕೆ ಗಂಟುಮೂಟೆ ಕಟ್ಟಿತು, ಊರು ಅಲ್ಲಿಗೇ ನಿಂತಿತು.

ಊಟದ ಮಾತು. ಸಸ್ಯಾಹಾರಿಗಳಿಗೆ ಎಮಿಲಿಯ ಕಷ್ಟದ ಸೀಮೆ, ಮಾಂಸ ಕಣ್ಣಿಗೆ ಕಾಣದ ಕಡೆ ಇರುತ್ತದೆ. ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರೆನೆಟ್. ಫೆರ್ರಾರದ ತಿರುಚಿದ ಬ್ರೆಡ್ಡಿಗೂ ರೊಮಾನ್ಯದ (ರವೆನ್ನ ಕಡೆಯ ಸೀಮೆ) ಪಿಯಾದೀನ ರೊಟ್ಟಿಗೂ ಹಂದಿ ಕೊಬ್ಬು ಕಲಸುವುದು ವಾಡಿಕೆ. ಆ ಕೊಬ್ಬಿನ ಹೆಸರು ‘ಸ್ತ್ರುತ್ತೊ’. ಪಿಯಾದೀನಕ್ಕೆ ಆಲಿವ್ ಎಣ್ಣೆ ಹಾಕಿದ್ದೂ ಸಿಗುತ್ತದೆ, ಕೇಳಿದರೆ ಹೇಳುತ್ತಾರೆ. ರಿಸೊಟ್ಟೊ, ಸೂಪುಗಳಿಗೆ ಮಾಂಸದ ಸಾರು, ‘ಬ್ರೋದೊ ದಿ ಕಾರ್ನೆ’. ಹಸಿ ಪಾಸ್ತಾದಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಹೂರಣ ತುಂಬಿದ ತೊರ್ತೆಲ್ಲೀನಿ ಪಾಸ್ತಾದಲ್ಲಿ ಹಂದಿಮಾಂಸ. ಮೊಟ್ಟೆ, ಚೀಸ್ ತಿನ್ನುವವರಿಗೆ ಫೆರ್ರಾರದ ಸಿಹಿಗುಂಬಳ ತುಂಬಿದ ಕಪ್ಪೆಲ್ಲಾಚ್ಚಿ ಪಾಸ್ತಾ ಸೊಗಸು. ‘ಬುರ್ರೊ ಎ ಸಾಲ್ವಿಯ’, ಅಂದರೆ ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಕೇಳಿ, ಇಲ್ಲವಾದರೆ ಮೇಲೆ ಮಾಂಸದ ಗೊಜ್ಜು ಬರುತ್ತದೆ. ಏನೂ ಬೇಡ ಎನ್ನುವವರಿಗೆ ಪಿಜ್ಜಾ ಮರಿನಾರ: ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಚೀಸೇ ಇಲ್ಲ. ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ರಾತ್ರಿ ಏಳೂವರೆಗೇ ತೆರೆಯುವುದು. ಚರ್ಚುಗಳೂ ಬಹುಪಾಲು ಹನ್ನೆರಡರಿಂದ ಮೂರರವರೆಗೆ ಬಾಗಿಲು ಹಾಕುವುದರಿಂದ ಆ ಹೊತ್ತೇ ಊಟಕ್ಕೆ ಸರಿ.

ಪಾರ್ಮದಲ್ಲಿ ಎರಡೇ ಕೆಲಸ, ಎರಡೂ ಒಂದೇ ಚೌಕದಲ್ಲಿ. 1196ರಲ್ಲಿ ಆಂತೆಲಾಮಿ ಶುರುಮಾಡಿದ ಗುಲಾಬಿ ಕಲ್ಲಿನ ದೀಕ್ಷಾಸ್ನಾನ ಮಂದಿರ, ಎದುರಿನ ಕ್ಯಾಥೆಡ್ರಲ್ಲಿನ ಗುಮ್ಮಟದಲ್ಲಿ ಕೊರ್ರೆಜ್ಜೊ 1526ರಿಂದ 1530ರವರೆಗೆ ಬರೆದ ಮರಿಯಳ ಸ್ವರ್ಗಾರೋಹಣ. ಗುಮ್ಮಟದ ನಟ್ಟನಡುವೆ ನಿಲ್ಲುವ ಮೊದಲು ಮೆಟ್ಟಿಲ ಬುಡದಿಂದ ನೋಡಿ, ಮೋಡಗಳ ಸುಳಿ ಅಲ್ಲಿಂದಲೇ ತೆರೆದುಕೊಳ್ಳುವುದು. ಕೈಯಲ್ಲಿ ಮೂರೇ ದಿನ ಇದ್ದರೆ ಪಾರ್ಮ ಬಿಡಿ. ರವೆನ್ನ, ಮೊದೆನ, ಫೆರ್ರಾರ ಅದೇ ಕ್ರಮದಲ್ಲಿ, ಫೆರ್ರಾರ ಮಾತ್ರ ಸೋಮವಾರಕ್ಕೆ ಬೀಳದಂತೆ. ಎರಡೇ ದಿನ ಇದ್ದರೆ ರವೆನ್ನ ಮತ್ತು ಫೆರ್ರಾರ.